ಎದೆಹಲಗೆಯ ಅಕ್ಷರ

"ಇನ್ನೊಂದು ಸಲ ಇಸ್ತ್ರಿಪೆಟ್ಟಿಗೆ ಮುಟ್ಟಿದರೆ ನಿನ್ನ ಕೈಗೆ ಕೋಳ ಹಾಕ್ತೀನಿ ನೋಡು," ಎಂದರು ಭಾವ.

ಕೋಳ ಅವರ ಹತ್ತಿರ ಇರಲಿಲ್ಲ. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು. ಕೋಳ, ಟೋಪಿ, ಜೀಪು ಎಲ್ಲವನ್ನೂ ಇಲಾಖೆಗೆ ಹಿಂದಿರುಗಿಸಿದ್ದರು. ಹಿಂದಿರುಗಿಸದೆ ಮನೆಗೆ ತಂದುಕೊಂಡದ್ದು ಆ ದನಿಯೊಂದನ್ನೇ, ಅದನ್ನು ಅವರ ಹೆಂಡತಿ ಮನೆಯೊಳಗೆ ಬಳಸಲು ಬಿಡುತ್ತಿರಲಿಲ್ಲ. ಹಾಗಾಗಿ ದಿನವೂ ಮಧ್ಯಾಹ್ನ ನಾದಿನಿಯ ಅಂಗಡಿಗೆ ಬಂದು ಬಳಸಿ ಹೋಗುತ್ತಿದ್ದರು.

ನಾದಿನಿ ತಲೆ ಎತ್ತಲಿಲ್ಲ. ಅವಳನ್ನು ಬೀದಿಯವರೆಲ್ಲ ಕರೆಯುವುದು ರಿಪೇರಿಯಮ್ಮ ಎಂದು. ತಂತಿ ಇರುವ ಯಾವ ವಾದ್ಯ ಮುರಿದರೂ ಅವಳ ಮೇಜಿಗೇ ಬರಬೇಕು. ಈಗ ಆ ಮೇಜಿನ ಮೇಲೆ, ಹಳೇ ಕಂಬಳಿಯ ತುಂಡಿನ ಮೇಲೆ, ತಂತಿ ಬಿಚ್ಚಿದ ಗಿಟಾರೊಂದು ಅಂಗಾತ ಮಲಗಿತ್ತು. ಇಪ್ಪತ್ತಮೂರು ವರ್ಷದ ಹಿಂದೆ ಮನೆ ಬಿಟ್ಟುಹೋದ ನನ್ನ ತಂದೆಯದು, ಇದರ ಮುಖ ಚೊಕ್ಕ ಮಾಡಿಕೊಡಿ ಎಂದು ಹಲ್ಲಿನ ಡಾಕ್ಟರೊಬ್ಬರು ಕೊಟ್ಟುಹೋಗಿದ್ದ ಗಿಟಾರು ಅದು. ಆ ಮುಖದ ಮೇಲೆ ಅಕ್ಷರಗಳಿದ್ದವು. ಅದರಲ್ಲಿ ಒಂದೆರಡನ್ನು ರಿಪೇರಿಯಮ್ಮ ತನ್ನ ಕೈಯಾರೆ ಅಳಿಸಿಬಿಟ್ಟಿದ್ದಳು.

ಅವಳ ತಪ್ಪು ಎನ್ನುವುದೂ ಕಷ್ಟ. ಗಿಟಾರಿನ ಮುಂಭಾಗದ ಮರವನ್ನು ಅವಳು ಎದೆಹಲಗೆ ಎನ್ನುತ್ತಾಳೆ. ನಡುವಿನ ದುಂಡು ತೂತಿನ ಕೆಳಗೆ, ವರ್ಷಗಟ್ಟಲೆ ಬೆರಳು ಉಜ್ಜಿ ಉಜ್ಜಿ, ಅಂಗೈಯಷ್ಟು ಜಾಗದಲ್ಲಿ ಪಾಲಿಶು ಸವೆದು ಬರೀ ಮರ ಕಾಣುತ್ತಿತ್ತು. ಆ ಮೆತ್ತನೆ ಮರದಲ್ಲಿ ತುಂಬ ಸಣ್ಣ ಸಣ್ಣ ಗುಳಿಗಳು. ನುಡಿಸುವವರ ಉಗುರು ತಗುಲಿ ಅರ್ಧಚಂದ್ರದ ಗುಳಿ ಬೀಳುವುದು ಮಾಮೂಲು. ಗುಳಿಯ ಮೇಲೆ ಒಂದು ಹನಿ ನೀರು, ಅದರ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಬಿಸಿ ಇಸ್ತ್ರಿಯ ತುದಿ. ಚುಸ್ ಎಂದರೆ ಸಾಕು, ಕುಗ್ಗಿದ ಮರ ಹಬೆ ಕುಡಿದು ಎದ್ದು ಕೂರುತ್ತದೆ. ಹೀಗೆ ಅವಳು ಒಂದು ಅಂಚಿನಿಂದ ನಾಲ್ಕೈದು ಗುಳಿ ಎಬ್ಬಿಸಿದ್ದಳು.

ಅಷ್ಟರಲ್ಲಿ ಭಾವ ಪತ್ರಿಕೆ ಓದಲು ಮೇಜುದೀಪವನ್ನು ತಮ್ಮ ಕಡೆಗೆ ಎಳೆದುಕೊಂಡರು. ಬೆಳಕು ಗಿಟಾರಿನ ಮೇಲೆ ಅಡ್ಡಡ್ಡ ಬಿತ್ತು. ಉಗುರಿನ ಗುರುತುಗಳೆಲ್ಲ ಒಂದಕ್ಕೊಂದು ಕೈ ಹಿಡಿದುಕೊಂಡು ಕನ್ನಡವಾಗಿಬಿಟ್ಟವು.

ಗೆರೆ ಗೆರೆಯ ಲಿಪಿಯಾಗಿದ್ದರೆ ಅವಳಿಗೆ ಮೊದಲೇ ಅನುಮಾನ ಬರುತ್ತಿತ್ತು. ನಮ್ಮದು ಎಲ್ಲ ದುಂಡು. ಅದರಲ್ಲೂ ಅವಳ ಕಡೆಯಿಂದ ನೋಡಿದರೆ ತಲೆಕೆಳಗು. ಯಾರೋ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದನ್ನೇ ಮೇಜು ಮಾಡಿಕೊಂಡು, ಕಾಗದವಿಟ್ಟು ಒತ್ತಿ ಬರೆದಿದ್ದರು. ಕಾಗದ ಹೋಗಿತ್ತು, ಒತ್ತು ಉಳಿದಿತ್ತು.

ಭಾವ ತೆಳು ಹಾಳೆ ಹಾಸಿ, ಪೆನ್ಸಿಲನ್ನು ಅಡ್ಡ ಹಿಡಿದು ಮೃದುವಾಗಿ ತಿಕ್ಕಿ ಅಚ್ಚು ತೆಗೆದಿದ್ದರು. ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಎದ್ದಿದ್ದವು. ಕೆಳಗಿನ ಸಾಲು ಸ್ಪಷ್ಟವಾಗಿತ್ತು: 'ಹುಡುಕಬೇಡಿ. ಗುಬ್ಬಿ ಚೆನ್ನಾಗಿ ಓದಲಿ.' ಮೇಲಿನದು ಮಾತ್ರ ಬೆಕ್ಕು ಆಡಿದ ನೂಲಿನ ಉಂಡೆ. ಒಂದರ ಮೇಲೊಂದು ಬರೆದ ಗೋಜಲು. ಅದರಲ್ಲಿ ಬಿಡಿಸಿ ಓದಲು ಬಂದದ್ದು ಒಂದೇ ಪದ, ಮತ್ತೆ ಮತ್ತೆ ಅದೇ ಪದ. ಗುಬ್ಬಿ, ಗುಬ್ಬಿ, ಗುಬ್ಬಿ. ಭಾವ ಎಣಿಸಿದರು, ಆರು ಸಲ.

ಗುಬ್ಬಿ ಎಂದರೆ ಆ ಹಲ್ಲಿನ ಡಾಕ್ಟರೇ. ತಂದೆ ಮುದ್ದಿಗೆ ಇಟ್ಟಿದ್ದ ಹೆಸರು. ತಾಯಿ ಮೊದಲೇ ತೀರಿಕೊಂಡಿದ್ದರು. ಹನ್ನೊಂದು ವರ್ಷದ ಮಗಳನ್ನೂ ಗಿಟಾರನ್ನೂ ತಮ್ಮನ ಮನೆಯಲ್ಲಿ ಬಿಟ್ಟು ತಂದೆ ಒಂದು ಬೆಳಿಗ್ಗೆ ಹೊರಟವರು ಮತ್ತೆ ಕಾಣಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಅಂಚೆಯಲ್ಲಿ ಒಂದು ಕಾಗದ ಬಂತು. ಡಾಕ್ಟರು ಅದನ್ನು ಇಪ್ಪತ್ತಮೂರು ವರ್ಷದಿಂದ ಜೋಪಾನ ಮಾಡಿದ್ದರು. ರಿಪೇರಿಯಮ್ಮ ಕೇಳಿದ ತಕ್ಷಣ, ಯಾಕೆ ಏನು ಎನ್ನದೆ, ಫೋನಿನಲ್ಲಿ ಅದರ ಚಿತ್ರ ಕಳಿಸಿದ್ದರು.

'ನಾನು ಚೆನ್ನಾಗಿದ್ದೇನೆ. ಹುಡುಕಬೇಡಿ. ಗುಬ್ಬಿ ಚೆನ್ನಾಗಿ ಓದಲಿ.'

"ತಂದೆಯೇ ಮನೆಯಲ್ಲಿ ಕೂತು ಬರೆದು, ಆಮೇಲೆ ಹೋಗಿರಬಹುದು," ಎಂದು ಭಾವ ಒಂದು ದಾರಿ ತೆರೆದರು. ರಿಪೇರಿಯಮ್ಮ ಗಿಟಾರಿನ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಒಳಗೆ ಅಂಟಿಸಿದ್ದ ಹಳದಿ ಹಾಳೆಯಲ್ಲಿ ತಂದೆ ತನ್ನ ಹಾಡುಗಳ ಪಟ್ಟಿ ಬರೆದುಕೊಂಡಿದ್ದ. ಪ್ರತಿ ಸಾಲೂ ಎಡದಲ್ಲಿ ಹೊರಟು ಬಲಕ್ಕೆ ಹೋಗುತ್ತ ಹೋಗುತ್ತ ಮೇಲೇರುತ್ತಿತ್ತು, ಅಟ್ಟ ಹತ್ತುವವನ ಹಾಗೆ. ಫೋನಿನಲ್ಲಿದ್ದ ಕಾಗದದಲ್ಲಿ ಅಕ್ಷರ ಅದೇ, ಒತ್ತಕ್ಷರದ ಬಾಲವೂ ಅದೇ. ಸಾಲು ಮಾತ್ರ ಗೆರೆ ಹೊಡೆದ ಹಾಗೆ ನೆಟ್ಟಗಿತ್ತು.

"ಅದೂ ಹೋಗಲಿ ಭಾವ," ಎಂದಳು ಅವಳು. "ತನ್ನ ಮಗಳ ಹೆಸರನ್ನ ಯಾವ ಅಪ್ಪ ಪ್ರಾಕ್ಟೀಸ್ ಮಾಡ್ತಾನೆ?"

ಮೂವತ್ತೈದು ವರ್ಷದ ಸರ್ವೀಸಿನಲ್ಲಿ ತಮಗೆ ಹೊಳೆಯದ ಪ್ರಶ್ನೆಯನ್ನು ನಾದಿನಿ ಇಸ್ತ್ರಿ ತಣ್ಣಗಾಗುವುದರೊಳಗೆ ಕೇಳಿದ್ದು ಭಾವನಿಗೆ ಅಷ್ಟೇನೂ ಹಿತವಾಗಲಿಲ್ಲ.

ರಿಪೇರಿಯಮ್ಮನಿಗೂ ಹಿತವಾಗಿರಲಿಲ್ಲ. ಗಿಟಾರು ತಂದ ದಿನ ಡಾಕ್ಟರು ಕುರ್ಚಿಯ ತುದಿಯಲ್ಲಿ ಕೂತು ಹೇಳಿದ ಮಾತು ಅವಳ ಹೊಟ್ಟೆಯಲ್ಲಿ ಉಳಿದುಬಿಟ್ಟಿತ್ತು. "ಇದನ್ನೂ ಬಿಟ್ಟು ಹೋದರು, ನನ್ನನ್ನೂ ಬಿಟ್ಟು ಹೋದರು. ಇದರ ಗಾಯನಾದರೂ ಮುಚ್ಚಿಕೊಡಿ." ಬಾಯಿಯಲ್ಲಿ ನಗು ಇತ್ತು. ಊರವರ ಹಲ್ಲುನೋವಿಗೆಲ್ಲ ಮದ್ದು ಕೊಡುವವರು, ತಮ್ಮ ನೋವನ್ನು ಹೀಗೆ ನಗುವಿನ ಹಿಂದೆ ಕಚ್ಚಿ ಹಿಡಿದಿದ್ದಾರಲ್ಲ ಎಂದು ಅವಳಿಗೆ ಅಯ್ಯೋ ಅನ್ನಿಸಿತ್ತು.

ಗಾಯ ಬೇರೆ, ಸವೆತ ಬೇರೆ ಎಂದು ಆಗಲೇ ಅವಳು ಹೇಳಿದ್ದಳು. ಬಿದ್ದು ತಗುಲಿದ್ದನ್ನು ಮುಚ್ಚುತ್ತೇನೆ, ಬೆರಳು ಸವೆಸಿದ್ದನ್ನು ಮುಚ್ಚುವುದಿಲ್ಲ, ತೆಳ್ಳಗೆ ಅರಗು ಸವರಿ ಕಾಪಾಡುತ್ತೇನೆ ಅಷ್ಟೆ. ಡಾಕ್ಟರು ಒಪ್ಪಿದ್ದರು. ಆಮೇಲೆ ಎರಡು ಸಲ ಫೋನು ಮಾಡಿ, ಮನೆಯಲ್ಲಿ ಪೂರ್ತಿ ಹೊಸದರ ಹಾಗಾಗಲಿ ಅಂತಿದ್ದಾರೆ ಎಂದು ಸಂಕೋಚದಿಂದ ತಿಳಿಸಿದ್ದರು.

ಐದು ಗಂಟೆಗೆ ಡಾಕ್ಟರು ಬರುತ್ತಾರೆ. ಅಷ್ಟರೊಳಗೆ ಗೊತ್ತಾಗಬೇಕಿತ್ತು: ಅಪ್ಪ ನನ್ನನ್ನು ಬೇಡವೆಂದು ಹೋದ ಎಂದು ಆ ಹೆಣ್ಣುಮಗಳು ಇಪ್ಪತ್ತಮೂರು ವರ್ಷ ನಂಬಿದ್ದು ನಿಜವೋ ಸುಳ್ಳೋ?

ಮೂರೂವರೆಗೆ ಬೋರ್ಡಪ್ಪ ಬಂದರು. ಕರೆಸಿದ್ದು ಭಾವ, ಉಪಾಯ ರಿಪೇರಿಯಮ್ಮನದು.

ಬೋರ್ಡಪ್ಪ ಎಂದರೆ ಡಾಕ್ಟರ ಚಿಕ್ಕಪ್ಪ, ಕಾಣೆಯಾದವನ ತಮ್ಮ, ಗುಬ್ಬಿಯನ್ನು ಸಾಕಿ ಓದಿಸಿದವರು. ಪ್ರಿಂಟಿನ ಬೋರ್ಡು ಬರುವ ಮುಂಚೆ ಸುತ್ತಲಿನ ಬೀದಿಗಳಲ್ಲಿ ಅಂಗಡಿ ತೆರೆಯುವವರೆಲ್ಲ ಬೋರ್ಡು ಬರೆಸಲು ಮೊದಲು ಹುಡುಕುತ್ತಿದ್ದದ್ದು ಅವರನ್ನು. ಹಳೇ ಮರದ ಹಳದಿಗೆ ಅರಗು ಹೊಂದಿಸಿಕೊಡಬೇಕು, ನಿಮ್ಮ ಕಣ್ಣು ಬೇಕು ಎಂದರೆ ಸಾಕಾಗಿತ್ತು. ಕನ್ನಡಕ ಒರೆಸಿಕೊಳ್ಳುತ್ತ ಬಂದರು, ಮದುವೆಗೆ ಕರೆದಷ್ಟು ಖುಷಿಯಿಂದ.

ರಿಪೇರಿಯಮ್ಮ ಗಿಟಾರಿನ ಮೇಲೆ ಬಟ್ಟೆ ಮುಚ್ಚಿ ಒಂದು ಅಂಚನ್ನು ಮಾತ್ರ ತೋರಿಸಿದಳು. ಬೋರ್ಡಪ್ಪ ಸ್ಪಿರಿಟಿನಲ್ಲಿ ಕರಗಿದ ಅರಗಿಗೆ ಚಿಟಿಕೆ ಹಳದಿ ಹಾಕಿದರು, ಕಡ್ಡಿಯ ತುದಿಯಷ್ಟು ಕಂದು. ಮರದ ಚೂರಿನ ಮೇಲೆ ಸವರಿ, ಕಿಟಕಿಯ ಹತ್ತಿರ ಹಿಡಿದು, ಇನ್ನೊಂದು ಎಳೆ ಕೆಂಪು ಬೇಕೆಂದರು. ಅದು ಬಿದ್ದ ಮೇಲೆ ಹೊಸ ಚೂರು ಯಾವುದು, ಹಳೇ ಗಿಟಾರು ಯಾವುದು ಎನ್ನುವುದು ರಿಪೇರಿಯಮ್ಮನಿಗೇ ತಿಳಿಯದಂತಾಯಿತು. ಕೆಲಸದ ಮಟ್ಟಿಗೆ ಅವಳಿಗೆ ಆ ಮನುಷ್ಯನ ಕಾಲು ಮುಟ್ಟಬೇಕು ಅನ್ನಿಸಿತು.

ಬ್ರಶ್ಶಿನಲ್ಲಿ ಬಣ್ಣ ಉಳಿದಿತ್ತು. ಕೈ ಸುಮ್ಮನಿರದೆ ಬೋರ್ಡಪ್ಪ ಆ ಚೂರಿನ ಮೇಲೆ ಅ ಆ ಇ ಈ ಬರೆದರು. ಗೆರೆ ಇಲ್ಲ, ಅಳತೆ ಇಲ್ಲ. ಸಾಲು ನೆಟ್ಟಗೆ ನಿಂತಿತು.

ಭಾವ ನಾದಿನಿಯ ಮುಖ ನೋಡಿದರು. ಅವಳು ದೀಪವನ್ನು ಕೆಳಕ್ಕೆ ಬಗ್ಗಿಸಿ, ಬಟ್ಟೆ ತೆಗೆದಳು.

ಬೋರ್ಡಪ್ಪ ತುಂಬ ಹೊತ್ತು ನೋಡಲಿಲ್ಲ. ಒಂದೇ ನೋಟ. ಆಮೇಲೆ ಅವರ ಹೆಬ್ಬೆರಳು ತಾನಾಗಿಯೇ ಹೋಗಿ ಗುಬ್ಬಿ ಎನ್ನುವ ಪದದ ಮೇಲೆ ಕೂತಿತು, ಮಗುವಿನ ಕಣ್ಣಿಗೆ ಬಿಸಿಲು ಬೀಳದ ಹಾಗೆ ಮರೆ ಮಾಡುವಂತೆ.

ಭಾವ ಗಂಟಲು ಸರಿಮಾಡಿಕೊಂಡು, ನೀವು ಏನು ಹೇಳಿದರೂ ಎಂದು ಇಲಾಖೆಯ ಭಾಷೆಯಲ್ಲಿ ಶುರುಮಾಡಿದರು. ರಿಪೇರಿಯಮ್ಮ ಕಣ್ಣಲ್ಲೇ ಬಾಯಿ ಮುಚ್ಚಿಸಿದಳು. ಸ್ಟೂಲು ಎಳೆದುಕೊಟ್ಟು, ಚಹಾ ಲೋಟ ಕೈಗಿಟ್ಟು, ತಾನೂ ಎದುರಿಗೆ ಕೂತಳು.

"ಕಾಗದ ನೀವೇ ಬರೆದಿದ್ದು ಅಲ್ವಾ?"

"ನಾನೇ."

ಅಷ್ಟು ಸಲೀಸಾಗಿ ಒಪ್ಪುತ್ತಾರೆಂದು ಅವಳೂ ಎಣಿಸಿರಲಿಲ್ಲ. ಇಪ್ಪತ್ತಮೂರು ವರ್ಷ ಹೊತ್ತ ಮೂಟೆಯನ್ನು ಯಾರಾದರೂ ಇಳಿಸಿಕೊಂಡರೆ ಸಾಕು ಎಂದು ಕಾಯುತ್ತಿದ್ದವರ ದನಿ ಅದು.

ಅಣ್ಣ ಹೋದ ಮೇಲೆ ಮಗು ಗೇಟಿನ ಹತ್ತಿರ ಕೂತುಬಿಟ್ಟಿತಂತೆ. ಶಾಲೆಯಿಲ್ಲ, ನಿದ್ದೆಯಿಲ್ಲ. ಯಾರ ಚಪ್ಪಲಿ ಸದ್ದಾದರೂ ಓಡಿಹೋಗಿ ನೋಡಿ ವಾಪಸು ಬರುತ್ತಿತ್ತು. ಪೊಲೀಸಿಗೆ ಕೊಟ್ಟದ್ದಾಯಿತು, ಪತ್ರಿಕೆಯಲ್ಲಿ ಹಾಕಿಸಿದ್ದಾಯಿತು. ಮಗು ಎಲುಬಿನ ಗೂಡಾಯಿತು. ಆಸ್ಪತ್ರೆಯ ಡಾಕ್ಟರು, ಮೈಗೆ ಏನೂ ಇಲ್ಲ, ಊಟ ಮಾಡಿಸಿ ಎಂದರು. ಆ ಊಟವನ್ನೇ ಮಾಡಿಸುವುದು ಯಾರಿಂದಲೂ ಆಗಲಿಲ್ಲ.

"ಒಂದು ಕಾಗದ ಬಂದರೆ ತಿಂತಾಳೆ ಅನ್ನಿಸ್ತು," ಎಂದರು ಬೋರ್ಡಪ್ಪ. "ಹಿಂದಿನ ಕೋಣೇಲಿ ಬಾಗಿಲು ಹಾಕ್ಕೊಂಡು ಕೂತೆ. ಮೇಜು ಅಡುಗೆಮನೇಲಿತ್ತು, ಅಲ್ಲಿ ಹೆಂಡತಿ ಇದ್ದಳು. ಕೈಗೆ ಸಿಕ್ಕಿದ್ದು ಇದೇ. ಎಲ್ಲಾ ಅಕ್ಷರ ಬಂತು, ಗುಬ್ಬಿ ಮಾತ್ರ ಬರಲಿಲ್ಲ. ಅಣ್ಣ ಆ ಒತ್ತಿಗೆ ಒಂದು ಬಾಲ ಎಳೀತಿದ್ದ, ಹಕ್ಕಿ ಬಾಲದ ಹಾಗೆ."

"ತಿಂದಳಾ?"

"ಆವತ್ತು ಎರಡು ಸಲ ಬಡಿಸ್ಕೊಂಡಳು. ಅಳ್ತಾ ಅಳ್ತಾ ತಿಂದಳು." ಅವರು ಲೋಟ ಕೆಳಗಿಟ್ಟರು. "ಮಾರನೇ ದಿನದಿಂದ ಅಪ್ಪನ ಹೆಸರೆತ್ತಿದರೆ ಎದ್ದು ಹೋಗೋಳು. ಬದುಕಿದ್ದೂ ಬರಲಿಲ್ಲ ಅಂತ ತಾನೇ ಅದರ ಅರ್ಥ? ಅದನ್ನ ನಾನು ಯೋಚಿಸಿರಲಿಲ್ಲ ಕಣಮ್ಮ. ಊಟದ ಬಗ್ಗೆ ಮಾತ್ರ ಯೋಚಿಸಿದ್ದೆ."

ಭಾವ ಕಿಟಕಿಯ ಕಡೆ ತಿರುಗಿ ಕನ್ನಡಕ ತೆಗೆದರು. ರಿಪೇರಿಯಮ್ಮನ ಕಣ್ಣೂ ಒದ್ದೆಯಾಗಿತ್ತು. ಹೊಟ್ಟೆಗೆ ಅನ್ನ ಇಳಿಸಿದ ಸುಳ್ಳೇ ಎದೆಗೆ ಕಲ್ಲನ್ನೂ ಇಳಿಸಿತ್ತು. ಇದಕ್ಕೆ ಯಾರನ್ನು ಬೈಯುವುದು?

ಸಂಜೆ ಗುಬ್ಬಿ ಬಂದಾಗ ನಾನೇ ಹೇಳುತ್ತೇನೆ, ನನಗೆ ಬಿಡಿ ಎಂದು ಬೋರ್ಡಪ್ಪ ಕೈ ಮುಗಿದರು. ಅವಳು ಇನ್ನು ಮುಂದೆ ಚಿಕ್ಕಪ್ಪ ಎಂದು ಕರೆಯದಿದ್ದರೂ ಸರಿ ಎಂದರು.

ಭಾವ ತಮ್ಮ ದಿನಚರಿ ತೆಗೆದರು. ಅಳುವಿನ ಮಧ್ಯೆಯೂ ವರದಿ ಪೂರ್ತಿಯಾಗಬೇಕು. ಗುಬ್ಬಿ ಎಂದು ಆರು ಸಲ ಅಭ್ಯಾಸ ಮಾಡಿದಿರಿ, ಎಂದು ಬರೆದುಕೊಳ್ಳುತ್ತ ಹೇಳಿದರು.

"ಐದು," ಎಂದರು ಬೋರ್ಡಪ್ಪ.

"ಆರು. ನಾನೇ ಎಣಿಸಿದೀನಿ."

"ಐದನೇದು ಸರಿ ಬಂತು, ನಿಲ್ಲಿಸಿದೆ. ಇಪ್ಪತ್ತಮೂರು ವರ್ಷದಿಂದ ಎಣಿಸ್ತಾ ಇದೀನಿ ಸಾರ್, ಐದೇ."

ರಿಪೇರಿಯಮ್ಮ ಎದ್ದು ದೀಪವನ್ನು ಇನ್ನಷ್ಟು ಓರೆ ಮಾಡಿದಳು. ಬೋರ್ಡಪ್ಪ ಬ್ರಶ್ಶಿನ ಹಿಂಬದಿಯಿಂದ, ಮರಕ್ಕೆ ತಗುಲಿಸದೆ, ಗೋಜಲಿನ ಮೇಲೆ ಗಾಳಿಯಲ್ಲೇ ಬರೆಯುತ್ತ ಹೋದರು. ಇದು ನಂದು, ಇದು ನಂದು, ಇದೂ ನಂದೇ. ಐದೂ ಒಂದರ ಕೆಳಗೊಂದು, ಗೆರೆ ಹೊಡೆದ ಹಾಗೆ. ಆರನೆಯದರ ಹತ್ತಿರ ಕೈ ನಿಂತಿತು.

ಆ ಗುಬ್ಬಿ ಓರೆಯಾಗಿತ್ತು. ಅದರ ಆಚೀಚೆ ಇದ್ದದ್ದೂ ಓರೆಯಾಗಿಯೇ ಇತ್ತು. ಎಡದಿಂದ ಬಲಕ್ಕೆ, ಅಟ್ಟ ಹತ್ತುವ ಒಂದು ಇಡೀ ಸಾಲು ಆ ಐದನ್ನೂ ಅಡ್ಡ ಕೊಯ್ದುಕೊಂಡು ಮೇಲೆ ಹೋಗಿತ್ತು.

"ಅಣ್ಣನ ಕೈ," ಎಂದರು ಬೋರ್ಡಪ್ಪ.

ಮೊದಲೇ ಬರೆದದ್ದಿರಬೇಕು, ಮನೆಯಲ್ಲಿದ್ದಾಗ, ಎಂದು ಭಾವ ಸಮಾಧಾನ ಹೇಳಿದರು. ಬೋರ್ಡಪ್ಪ ತಲೆ ಅಲ್ಲಾಡಿಸಿದರು. ನಲವತ್ತು ವರ್ಷ ಬಣ್ಣದ ಮೇಲೆ ಬಣ್ಣ ಬರೆದವರಿಗೆ ಯಾವ ಗೀಟು ಮೇಲೆ, ಯಾವುದು ಕೆಳಗೆ ಎಂದು ಹೇಳಿಕೊಡಬೇಕಿಲ್ಲ. ರಿಪೇರಿಯಮ್ಮ ಭೂತಗನ್ನಡಿ ಹಿಡಿದು ನೋಡಿದಳು. ಎರಡು ಗೀಟು ಕೂಡುವ ಕಡೆಯಲ್ಲೆಲ್ಲ ಓರೆ ಸಾಲಿನ ಕಾಲುವೆ ಮುರಿಯದೆ ಹರಿದಿತ್ತು, ನೆಟ್ಟಗಿನ ಸಾಲಿನ ದಂಡೆ ಒಡೆದಿತ್ತು. ಓರೆಯದೇ ಆಮೇಲಿನದು. ಸುಳ್ಳು ಕಾಗದ ಬರೆದಾದ ಮೇಲೆ ಅಣ್ಣ ಈ ಗಿಟಾರನ್ನು ಮುಟ್ಟಿದ್ದ.

ಎಷ್ಟು ಆಮೇಲೆ ಎನ್ನುವುದನ್ನು ಸಾಲೇ ಹೇಳಿತು. ಮೂವರೂ ತಲೆ ಸೇರಿಸಿ ಬಿಡಿಸಿ ಓದಿದರು.

'…ಮ್ಮ, ಗುಬ್ಬಿ ಹಲ್ಲಿನ ಡಾಕ್ಟರ್ ಆಗಿದ್ದು ನೋಡಿದೆ. ದೂರದಿಂದ. ಸಾಕು.'

ಹನ್ನೊಂದು ವರ್ಷದ ಮಗು ಮುಂದೆ ಹಲ್ಲಿನ ಡಾಕ್ಟರಾಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು? ಗುಬ್ಬಿ ಕ್ಲಿನಿಕ್ಕು ತೆರೆದು ಒಂಬತ್ತು ವರ್ಷವಾಗಿತ್ತು. ಅಂದರೆ ಈ ಒಂಬತ್ತು ವರ್ಷದಲ್ಲಿ ಯಾವಾಗಲೋ ಒಂದು ದಿನ ತಂದೆ ತಮ್ಮನ ಮನೆಗೆ ಬಂದಿದ್ದ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಯಾರಿಗೋ ಬರೆದುಕೊಟ್ಟು, ಹೋಗಿದ್ದ.

ಯಾರಿಗೆ?

ಸಾಲಿನ ಮೊದಲ ಅಕ್ಷರವಿರಬೇಕಾದ ಎಡದ ಅಂಚಿನಲ್ಲಿ ಮರ ನುಣ್ಣಗೆ, ಉಬ್ಬಿ, ಹೊಸದರ ಹಾಗೆ ಕೂತಿತ್ತು. ರಿಪೇರಿಯಮ್ಮ ಇಸ್ತ್ರಿ ಮೊದಲು ಇಟ್ಟದ್ದು ಅಲ್ಲೇ. ಅವಳಿಗೆ ತನ್ನ ಕೈಯನ್ನೇ ಕಡಿದುಕೊಳ್ಳಬೇಕು ಅನ್ನಿಸಿತು. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಇಷ್ಟು ಚೆನ್ನಾಗಿ ಎದ್ದ ಗುಳಿ ಇನ್ನೊಂದಿಲ್ಲ.

ಭಾವ ಪೆನ್ಸಿಲಿನಿಂದ ಜಾಗ ಅಳೆದರು. ಒಂದೇ ಅಕ್ಷರಕ್ಕೆ ಸಾಲುವಷ್ಟು. ಒಂದು ಅಕ್ಷರ, ಆಮೇಲೆ ಮ್ಮ. ಅಮ್ಮ ಎನ್ನೋಣವೆಂದರೆ, ತಾಯಿ ಸತ್ತು ನಲವತ್ತು ವರ್ಷವಾಯಿತು ಎಂದು ಬೋರ್ಡಪ್ಪನೇ ಹೇಳಿದರು. ಭಾವ ನಿಧಾನವಾಗಿ ದಿನಚರಿ ಮುಚ್ಚಿದರು. ಈಗ ಬಂದ ದನಿ ನಿಜವಾಗಿಯೂ ಇಲಾಖೆಯದು.

"ತಮ್ಮ. ಕಾಗದ ನಿಮಗೇ ಬರೆದಿದ್ದು. ಅಣ್ಣ ಬಂದಿದ್ದ, ನೀವು ಮುಚ್ಚಿಟ್ಟಿರಿ."

ಬೋರ್ಡಪ್ಪ ಸಿಟ್ಟಾಗಲಿಲ್ಲ. ಸಿಟ್ಟಿಗೆ ಬೇಕಾದ ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ. "ನನಗೆ ಬಂದಿದ್ದರೆ ಸಾರ್," ಎಂದರು, "ಅಣ್ಣ ಬದುಕಿದಾನೆ ಅಂತ ಈ ಬೀದಿ ತುಂಬ ಬೋರ್ಡು ಬರೆದು ಹಾಕ್ತಿದ್ದೆ. ಇಷ್ಟು ವರ್ಷ ಈ ಸುಳ್ಳು ಹೊತ್ಕೊಂಡು ಯಾಕೆ ತಿರುಗ್ತಿದ್ದೆ?"

ರಿಪೇರಿಯಮ್ಮ ಆ ಮುಖವನ್ನು ನೋಡಿದಳು. ಮರ ಒಳಗೆ ಬಿರುಕು ಬಿಟ್ಟಿದ್ದರೆ ತಟ್ಟಿದಾಗ ಸದ್ದು ಒಡೆಯುತ್ತದೆ, ಇಲ್ಲಿ ಒಡೆಯಲಿಲ್ಲ. ಅವರನ್ನು ನಂಬಿದಳು. ನಂಬಿದ ಮೇಲೆ ಲೆಕ್ಕ ಇನ್ನಷ್ಟು ಕೆಟ್ಟಿತು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಕೈಯೆಲ್ಲ ಅರಗು, ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದಳು. ಹಲ್ಲಿನ ಡಾಕ್ಟರು. ಕ್ಲಿನಿಕ್ಕು ಬೇಗ ಮುಗಿಯಿತು, ಇಲ್ಲೇ ತಿರುವಿನಲ್ಲಿದ್ದೇವೆ, ಬರಬಹುದಾ ಎಂದು ಕೇಳಿದರು. ಚಿಕ್ಕಪ್ಪನ ಮನೆಯ ಬೀರುವಿನ ಮೇಲೆ ಬಿದ್ದಿದ್ದ ಗಿಟಾರನ್ನು ಇಳಿಸಿ, ರಿಪೇರಿಗೆ ಕೊಡು ಎಂದು ಹಟ ಹಿಡಿದದ್ದೇ ಚಿಕ್ಕಮ್ಮನಂತೆ, ಅವರೂ ಜೊತೆಗಿದ್ದಾರಂತೆ. ಆಮೇಲೆ ಡಾಕ್ಟರ ದನಿಯಲ್ಲಿ ಸಣ್ಣ ನಗು ಬಂತು.

"ಚಿಕ್ಕಮ್ಮ ದಾರಿಯುದ್ದಕ್ಕೂ ಒಂದೇ ಸಮ ಕೇಳ್ತಿದಾರೆ. ಮೇಲಿನ ಗೀರು ಇದ್ದರೂ ಪರವಾಗಿಲ್ಲವಂತೆ, ತೂತಿನ ಕೆಳಗಿನ ಗುಳಿಗಳು ಮಾತ್ರ ಪೂರ್ತಿ ಎದ್ದಿರಬೇಕಂತೆ. ಯಾವ ಗುಳಿನೋ, ನಾನಂತೂ ನೋಡೇ ಇಲ್ಲ. ಎಬ್ಬಿಸಿದ್ದೀರಾ?"

ಗುಳಿಯ ಸುದ್ದಿ ಈ ಅಂಗಡಿಯ ಬಾಗಿಲು ದಾಟಿರಲಿಲ್ಲ. ರಿಪೇರಿಯಮ್ಮ ಬನ್ನಿ ಎಂದಷ್ಟೇ ಹೇಳಿ ಫೋನಿಟ್ಟಳು. ಭಾವ ಎದ್ದು ನಿಂತಿದ್ದರು.

ಬೋರ್ಡಪ್ಪ ಮಾತ್ರ ಕೂತಲ್ಲೇ ಕೂತು, ಇಸ್ತ್ರಿ ನುಣ್ಣಗೆ ಮಾಡಿದ ಆ ಒಂದಕ್ಷರದ ಜಾಗವನ್ನು ನೋಡುತ್ತಿದ್ದರು. ಬ್ರಶ್ಶಿನಲ್ಲಿ ಇನ್ನೂ ಬಣ್ಣವಿತ್ತು. ಅವರು ಮರದ ಚೂರಿನ ಮೇಲೆ ಮೊದಲು ಬರೆದಿದ್ದ ಅ ಎನ್ನುವ ಅಕ್ಷರದ ಮುಂದೆ ಬ್ರಶ್ಶಿನ ತುದಿ ಇಟ್ಟರು.

"ನನ್ನ ಹೆಂಡತೀನ ಅಣ್ಣ ಯಾವತ್ತೂ ಹೆಸರು ಹಿಡಿದು ಕರೆದವನಲ್ಲ," ಎಂದರು. "ಮದುವೆಯಾಗಿ ಬಂದ ದಿನದಿಂದ ಅಮ್ಮ ಅಂತಲೇ ಕರೀತಿದ್ದ."

ಹೊರಗೆ ಕಾರು ನಿಂತಿತು. ಬಾಗಿಲು ಹಾಕಿದ ಸದ್ದು ಎರಡು ಸಲ ಕೇಳಿಸಿತು.